ಪರ್ಸ್‌ಗೆ ಮೊಸಳೆ ಚರ್ಮ: ಹೆಸರು ಬಿಡಿ, ಮಡಚಿ ನೋಡಿ

ಫೋಟೋ ನೋಡಿದೆ ಸರ್. ಮೊಸಳೆ ಚರ್ಮ ಅಂತ ಕೊಟ್ಟಿದ್ದಾರೆ, ಇದು ನಿಜಾನಾ, ಮಡಚುವ ಪರ್ಸ್‌ಗೆ ಆಗುತ್ತಾ ಅಂತ ಕೇಳಿದ್ದೀರಿ. ಅಚ್ಚು ಒತ್ತಿದ ದನದ ಚರ್ಮ ಅಂತೂ ಅಲ್ಲ. ಅಚ್ಚಿನದ್ದಾಗಿದ್ದರೆ ಅದೇ ವಿನ್ಯಾಸ ಸ್ವಲ್ಪ ದೂರದಲ್ಲಿ ಮತ್ತೆ ಕಾಣಿಸುತ್ತಿತ್ತು. ಆದರೆ ನನ್ನ ಕಣ್ಣಿಗೆ ಇದು ಕೈಮನ್. ಮೊಸಳೆಯ ಬಳಗದ್ದೇ, ಹಾಗಾಗಿ ಮಾರುವವರು ಎಲ್ಲವನ್ನೂ ಒಂದೇ ಹೆಸರಲ್ಲಿ ಮಾರಿಬಿಡುತ್ತಾರೆ.

ನೀವೇ ಪರೀಕ್ಷೆ ಮಾಡಿ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಹೊಟ್ಟೆ ಭಾಗದ ಹುರುಪೆಗಳನ್ನು ಒಂದೊಂದಾಗಿ ನೋಡಿ. ಮೊಸಳೆಯದ್ದಾದರೆ ಹುರುಪೆಯ ಅಂಚಿನ ಹತ್ತಿರ ಸೂಜಿ ಚುಚ್ಚಿದ ಹಾಗೆ ಒಂದು ಚುಕ್ಕೆ ಇರುತ್ತೆ, ನೀರಿನ ಅಲುಗಾಟ ತಿಳಿಯುವ ಅಂಗದ ಗುರುತು ಅದು. ಅಲಿಗೇಟರ್‌ಗೆ (ಅದೂ ಮೊಸಳೆಯ ಬಳಗದ್ದೇ) ಆ ಅಂಗ ಇರುವುದು ತಲೆ, ದವಡೆಯ ಹತ್ತಿರ ಮಾತ್ರ, ಅದಕ್ಕೇ ಹೊಟ್ಟೆಯ ಹುರುಪೆಯಲ್ಲಿ ಚುಕ್ಕೆ ಇರುವುದಿಲ್ಲ. ಜೊತೆಗೆ ಅಲಿಗೇಟರ್‌ನ ಹೊಟ್ಟೆಯ ನಡುವೆ ಜೇಡರ ಬಲೆ ಥರ ಉದ್ದನೆಯ ಹೊಕ್ಕುಳ ಗುರುತು ಸಿಗುತ್ತೆ. ಕೈಮನ್‌ನಲ್ಲಿ ಒಂದೇ ಹುರುಪೆ ತುಂಬ ಸಣ್ಣ ಸಣ್ಣ ಗುಳಿಗಳು. ನಿಮ್ಮ ಫೋಟೋದಲ್ಲಿ ಬಲಗಡೆ ಮೂಲೆ ದೊಡ್ಡದು ಮಾಡಿ ನೋಡಿ, ಅಲ್ಲಿ ಇದೇ ಇದೆ.

ಆ ಗುಳಿಗಳಿಗೆ ಕಾರಣ ಹುರುಪೆಯ ಒಳಗಿನ ಮೂಳೆಯ ಬಿಲ್ಲೆ. ಪರ್ಸ್ ಹಾಳಾಗುವುದೂ ಅದರಿಂದಲೇ. ನಾನು ಮಾಡಿದ ಮೊದಲ ಕೈಮನ್ ಪರ್ಸ್ ಹೊಲಿದು ಮುಗಿಸಿದಾಗ ತುಂಬಾ ಚೆನ್ನಾಗಿತ್ತು. ತಿಂಗಳೊಳಗೆ ಮಡಿಕೆಯ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಬಿಳಿ ಗೆರೆ ಬಂತು, ಉಗುರಿಂದ ಮುಟ್ಟಿದರೆ ಒಳಗಿನ ಗಟ್ಟಿ ಬಿಲ್ಲೆ ಬಿರುಕು ಬಿಟ್ಟಿರುವುದು ಗೊತ್ತಾಗುತ್ತಿತ್ತು. ಬಿಲ್ಲೆ ಬಣ್ಣ ಸರಿಯಾಗಿ ಹೀರಿರಲಿಲ್ಲ, ಅದಕ್ಕೇ ಬಿಳಿ. ಅಂಚು ತೆಳ್ಳಗೆ ಕೆತ್ತುವಾಗಲೇ ಚಾಕು ತಡೆದಿತ್ತು, ಆಗಲೇ ನಾನು ನಿಲ್ಲಿಸಬೇಕಿತ್ತು.

ಹಾಗಾಗಿ ಮಡಚುವ ಪರ್ಸ್‌ಗೆ ಅಲಿಗೇಟರ್ ಅಥವಾ ಉಪ್ಪುನೀರಿನ ಮೊಸಳೆಯ ಹೊಟ್ಟೆ ಭಾಗ ತಗೊಳ್ಳಿ. ಉಪ್ಪುನೀರಿನದ್ದರಲ್ಲಿ ಹುರುಪೆ ಚಿಕ್ಕದು, ಪರ್ಸ್‌ನಂಥ ಚಿಕ್ಕ ವಸ್ತುವಿಗೆ ಅದೇ ಹೆಚ್ಚು ಒಪ್ಪುತ್ತೆ. ಕೊಳ್ಳುವ ಮೊದಲು ಎರಡು ಬೆರಳಲ್ಲಿ ಹಿಡಿದು ಪೂರ್ತಿ ಮಡಚಿ, ಮಡಿಕೆ ಒತ್ತಿ, ಬಿಡಿಸಿ ನೋಡಿ. ಮಾರುವವರು ಮಡಚೋಕೆ ಬಿಡದಿದ್ದರೆ ಆ ತುಂಡು ಬೇಡವೇ ಬೇಡ. ಹೊಸಬರ ಕೈಗೆ ಉಡದ ಚರ್ಮ ಸುಲಭ: ತೆಳ್ಳಗೆ, ಮಣಿಯಂಥ ಹುರುಪೆ, ಹಾಗಿದ್ದೂ ಗಟ್ಟಿ. ಹೆಬ್ಬಾವಿನದ್ದು ನೋಡೋಕೆ ಚೆಂದ, ಆದರೆ ಜೇಬಿನಲ್ಲಿ ಉಜ್ಜಿ ಉಜ್ಜಿ ಹುರುಪೆ ಏಳುತ್ತೆ, ದಿನ ಬಳಸುವ ಪರ್ಸ್‌ಗೆ ನಾನು ಹಾಕುವುದಿಲ್ಲ. ಕನ್ನಡಿಯಂಥ ಹೊಳಪಿನ ಚರ್ಮಕ್ಕೆ ನೀರಿನ ಹನಿ ಬಿದ್ದರೂ ಕಲೆ ಉಳಿಯುತ್ತೆ, ಕೈ ಬೆವರುವವರಾದರೆ ಹೊಳಪಿಲ್ಲದ್ದನ್ನೇ ಆರಿಸಿ.

ಬಿಲ್ ಜೊತೆ ಸೈಟಿಸ್ ಕಾಗದವನ್ನೂ ಕೇಳಿ. ಸೈಟಿಸ್ ಅಂದರೆ ಅಳಿವಿನ ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. ಮೊಸಳೆ, ಅಲಿಗೇಟರ್, ಕೈಮನ್, ಹೆಬ್ಬಾವು, ಉಡ ಎಲ್ಲವೂ 1975ರಿಂದ ಜಾರಿಯಲ್ಲಿರುವ ಆ ಒಪ್ಪಂದದ ಪಟ್ಟಿಯಲ್ಲಿವೆ. ಕಾಗದ ಇಲ್ಲದೆ ಗಡಿ ದಾಟಿಸಿದರೆ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಾಗಿ, ಕದ್ದು ಬೇಟೆಯಾಡಿದ ಪ್ರಾಣಿಯ ಚರ್ಮ ನಮ್ಮ ಕೈಗೆ ಬರಬಾರದು, ಅಲ್ವಾ.

ನಿಮ್ಮ ಕೈಮನ್ ತುಂಡನ್ನು ಸುಮ್ನೆ ಎಸೆಯಬೇಡಿ. ಬದಿಯ ದುಂಡು ಹುರುಪೆಗಳಿರುವ ಭಾಗದಲ್ಲಿ ಮೂಳೆ ಕಡಿಮೆ. ಅಲ್ಲಿಂದ ಎರಡು ಪಟ್ಟಿ ಕತ್ತರಿಸಿ, ಮಡಿಕೆಯೇ ಇಲ್ಲದ ಕಾರ್ಡ್ ಹೋಲ್ಡರ್ ಮಾಡಿ. ಇಲ್ಲಾ ಪರ್ಸೇ ಬೇಕು ಅಂದರೆ ಎರಡು ಬದಿಗೆ ಕೈಮನ್, ನಡುವಿನ ಮಡಿಕೆಗೆ ಮೆತ್ತನೆಯ ಆಡಿನ ಚರ್ಮ ಕೊಟ್ಟು ಹೊಲಿಯಿರಿ.