ಪ್ರಾಣಿಗಳ 28 ದಿನದ ವಿಷಪರೀಕ್ಷೆ ಸ್ಟಡಿಗೆ ಎಎನ್‌ಎ (ಸ್ವಂತ ಕೋಶದ ನ್ಯೂಕ್ಲಿಯಸ್‌ಗೇ ಅಂಟುವ ಆಂಟಿಬಾಡಿ) ಟೆಸ್ಟ್ ಸೇರಿಸಿದರೆ, ಲೂಪಸ್ ಎಂಬ ಆಟೋಇಮ್ಯೂನ್ ರೋಗ ತರುವ ಔಷಧ ಸಿಕ್ಕಿಬೀಳುತ್ತಾ?

ವಿಜಯಪುರದಲ್ಲಿ ಎಂ.ಫಾರ್ಮ್ ಮಾಡ್ತಿದ್ದೀರಿ, ರ‍್ಯಾಟ್ ಸ್ಟಡಿಗೆ ಆಸ್ಪತ್ರೆಯ ಎಎನ್‌ಎ ಕಿಟ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಬೆಳಗಾವಿಯಲ್ಲಿ ಓದುವಾಗ ಮೌಸ್ ಸೀರಮ್‌ಗೆ ಅದೇ ಕಿಟ್ ಬಳಸಿ ಎಲ್ಲವೂ ನೆಗೆಟಿವ್ ಅಂತ ಬರೆದವನು ನಾನು.

ತಪ್ಪು ಎಲ್ಲಾಯಿತು ನೋಡ್ರಿ. ಆ ಕಿಟ್‌ನ ಕಾಂಜುಗೇಟ್, ಅಂದರೆ ಎಫ್‌ಐಟಿಸಿ ಎಂಬ ಹಸಿರು ಹೊಳೆಯುವ ಬಣ್ಣ ಹಚ್ಚಿದ ಆಂಟಿಬಾಡಿ, ಮನುಷ್ಯರ ಐಜಿಜಿ (ರಕ್ತದ ಮುಖ್ಯ ಬಗೆಯ ಆಂಟಿಬಾಡಿ) ಹಿಡಿಯಲೆಂದು ಮಾಡಿದ್ದು. ಮೌಸ್‌ನ ಆಂಟಿಬಾಡಿ ಸ್ಲೈಡ್ ಮೇಲಿನ ಹೆಪ್-2 ಎಂಬ ಮಾನವ ಕೋಶದ ನ್ಯೂಕ್ಲಿಯಸ್‌ಗೆ ಅಂಟಿದ್ದರೂ ಇದು ಅದನ್ನು ಸರಿಯಾಗಿ ಗುರುತಿಸಲ್ಲ, ಸ್ಲೈಡ್ ಕಪ್ಪಗೇ ಉಳಿಯುತ್ತೆ. ಕಿಟ್‌ನ ಪಾಸಿಟಿವ್ ಕಂಟ್ರೋಲ್ ಮನುಷ್ಯರ ಸೀರಮ್, ಹಾಗಾಗಿ ಸ್ಲೈಡ್‌ನಲ್ಲಿ ಅದೊಂದು ಬಾವಿ (ಸೀರಮ್ ಹಾಕುವ ಗುಂಡಿ) ಮಾತ್ರ ಹಸಿರಾಗಿ ಹೊಳೆಯಿತು. ಅದನ್ನೇ ನಂಬಿದೆ. ಗೊತ್ತಾಗುವಷ್ಟರಲ್ಲಿ ಸೀರಮ್ ಬಯೋಕೆಮಿಸ್ಟ್ರಿಗೆ ಮುಗಿದಿತ್ತು; ಒಂದು ಮೌಸ್‌ನಿಂದ ಒಂದು ಎಂಎಲ್ ರಕ್ತ ಸಿಕ್ಕರೇ ಹೆಚ್ಚು. ಮತ್ತೆ ಎಥಿಕ್ಸ್ ಕಮಿಟಿ, ಮತ್ತೆ ಪ್ರಾಣಿಗಳು. ಆ ಮೊದಲ ಗುಂಪಿನ ಜೀವ ವ್ಯರ್ಥವಾದದ್ದು ಇಂದಿಗೂ ನೋಯಿಸುತ್ತೆ.

ಮಾಡುವುದೇ ಆದರೆ ಕಾಂಜುಗೇಟ್ ನಿಮ್ಮ ಪ್ರಾಣಿಯದ್ದೇ ಐಜಿಜಿ ಹಿಡಿಯುವಂಥದ್ದಿರಲಿ. ಪಾಸಿಟಿವ್ ಕಂಟ್ರೋಲೂ ಅದೇ ಜಾತಿಯದ್ದು ಬೇಕು; ಮೌಸ್‌ಗೆ, ತಾನಾಗಿಯೇ ಲೂಪಸ್ ಬರುವ ಎಂಆರ್‌ಎಲ್/ಎಲ್‌ಪಿಆರ್ ತಳಿಯ ವಯಸ್ಸಾದ ಮೌಸ್‌ನ ಸೀರಮ್ ಒಳ್ಳೆಯದು. ಸೀರಮ್ ಇಲ್ಲದೆ ಬರೀ ಕಾಂಜುಗೇಟ್ ಹಾಕಿದ ಬಾವಿಯೊಂದನ್ನು ಬಿಡಬ್ಯಾಡ್ರಿ. ಸೀರಮ್ ಅನ್ನು 1:40ಕ್ಕೆ ತೆಳು ಮಾಡಿಕೊಂಡು ಶುರು ಮಾಡಿ, ತೇವದ ಡಬ್ಬಿಯಲ್ಲಿ 30 ನಿಮಿಷ ಇಡ್ರಿ. ನಮ್ಮ ಕಡೆಯ ಏಪ್ರಿಲ್ ಸೆಕೆಗೆ ಸ್ಲೈಡ್ ಒಣಗಿದರೆ ಇಡೀ ಹಿನ್ನೆಲೆಯೇ ಹಸಿರಾಗುತ್ತೆ.

ಆದರೂ ನಿಮ್ಮ ಯೋಚನೆಯನ್ನೇ ನಾನು ಒಪ್ಪಲ್ಲ. ಹೃದಯದ ಲಯ ಸರಿಪಡಿಸುವ ಔಷಧ ಪ್ರೊಕೈನಮೈಡ್ ಮನುಷ್ಯರಲ್ಲೇ ಲೂಪಸ್ ತರಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತೆ, ಎಎನ್‌ಎ ಬಂದವರಲ್ಲೂ ಹೆಚ್ಚಿನವರಿಗೆ ರೋಗ ಬರಲ್ಲ. ಸಾಮಾನ್ಯ ವಿಸ್ಟಾರ್ ತಳಿಯ ರ‍್ಯಾಟ್ 28 ದಿನದಲ್ಲಿ ಏನು ಹೇಳೀತು? ಇಂಥದ್ದೇ ಇನ್ನೊಂದು ಔಷಧ ಡಿ-ಪೆನಿಸಿಲಮೈನ್ ಕೂಡ ರ‍್ಯಾಟ್‌ನ ಬ್ರೌನ್ ನಾರ್ವೆ ತಳಿಯಲ್ಲಿ ರೋಗ ತರುತ್ತೆ, ಬೇರೆ ಹಲವು ತಳಿಗಳಲ್ಲಿ ತರಲ್ಲ. ಔಷಧ ಪರೀಕ್ಷೆಯ ಅಂತರರಾಷ್ಟ್ರೀಯ ಮಂಡಳಿ ಐಸಿಎಚ್‌ನ 2005ರ ಎಸ್8 (ರೋಗನಿರೋಧಕ ವ್ಯವಸ್ಥೆಗೆ ಆಗುವ ಹಾನಿ ಕುರಿತ) ಮಾರ್ಗಸೂಚಿಯೂ ಔಷಧದಿಂದಾಗುವ ಆಟೋಇಮ್ಯೂನಿಟಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಪಾಪ್ಲಿಟಿಯಲ್ ಲಿಂಫ್ ನೋಡ್ ಪರೀಕ್ಷೆ ಇದಕ್ಕಿಂತ ವಾಸಿ: ಪಾದಕ್ಕೆ ಔಷಧ ಚುಚ್ಚಿ, 7ನೇ ದಿನ ಮೊಣಕಾಲ ಹಿಂದಿನ ಗಂಟು ತೆಗೆದು ತೂಗೋದು. ತೂಕ ಔಷಧ ಕೊಡದ ಕಂಟ್ರೋಲ್‌ನ ಎರಡು ಪಟ್ಟು ದಾಟಿದರೆ ಪಾಸಿಟಿವ್. ಮೌಸ್‌ನ ಗಂಟೇ ಒಂದೆರಡು ಮಿಲಿಗ್ರಾಂ, ಸುತ್ತಲಿನ ಕೊಬ್ಬು ಬಿಡಿಸದಿದ್ದರೆ ಕೊಬ್ಬನ್ನೇ ತೂಗಿದಂತೆ. ಪ್ರೊಕೈನಮೈಡ್ ಇಲ್ಲೂ ತಪ್ಪಿಸಿಕೊಳ್ಳುತ್ತೆ, ಏಕೆಂದರೆ ಕೆಡುಕು ಮಾಡೋದು ಚುಚ್ಚಿದ ಔಷಧವಲ್ಲ, ದೇಹದಲ್ಲಿ ಅದರಿಂದಾಗುವ ಹೈಡ್ರಾಕ್ಸಿಲಮೈನ್ ಎಂಬ ಪದಾರ್ಥ.

ನಿಮ್ಮ ಸ್ಟಡಿಯಲ್ಲಿ ರಕ್ತದ ಗ್ಲಾಬ್ಯುಲಿನ್ ಪ್ರೋಟೀನ್, ಗುಲ್ಮ, ಲಿಂಫ್ ನೋಡ್, ಕಿಡ್ನಿಯ ಗ್ಲಾಮೆರುಲಸ್ (ರಕ್ತ ಸೋಸುವ ಭಾಗ) ಗಮನಿಸ್ರಿ. ಪ್ರತಿ ಪ್ರಾಣಿಯ 100 ಮೈಕ್ರೊಲೀಟರ್ ಸೀರಮ್ ಮೈನಸ್ 80 ಡಿಗ್ರಿಯಲ್ಲಿ ಎತ್ತಿಡ್ರಿ. ಒಂದು ಕಿಡ್ನಿಯ ಅರ್ಧವನ್ನು ಫಾರ್ಮಲಿನ್‌ಗೆ ಹಾಕುವ ಮುಂಚೆಯೇ ಬೇರ್ಪಡಿಸಿ ಫ್ರೀಜ್ ಮಾಡ್ರಿ; ಅನುಮಾನ ಬಂದರೆ ಐಜಿಜಿ ಶೇಖರಣೆ ಚೆನ್ನಾಗಿ ಕಾಣುವುದು ಆ ತುಂಡಿನಲ್ಲೇ.