ಎಂಜಿಬಿ: ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುವ ಎಂಜಿನ್

ನಿಮ್ಮ 1967ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಐಡ್ಲಿಂಗ್‌ನಲ್ಲಿ ಸರಿಯಿದ್ದು, ಆಕ್ಸಿಲರೇಟರ್ ಥಟ್ಟನೆ ಒತ್ತಿದಾಗ ಮಾತ್ರ ಮುಗ್ಗರಿಸುತ್ತದೆ ಅಂದಿದ್ದೀರಿ. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಬದಲಿಸಲು ದಯವಿಟ್ಟು ಅವಸರ ಮಾಡಬೇಡಿ. ಮೊದಲು ಎರಡೂ ಎಸ್‌ಯು ಕಂಪನಿಯ ಕಾರ್ಬುರೇಟರ್‌ಗಳ ಡ್ಯಾಶ್‌ಪಾಟ್ (ಕಾರ್ಬುರೇಟರ್‌ನ ಪಿಸ್ಟನ್ ಮೇಲೆ ಕೆಳಗೆ ಸರಿಯುವ ಕೋಣೆ) ಆಯಿಲ್ ನೋಡಿ.

ಮೇಲಿನ ಡ್ಯಾಂಪರ್ (ಪಿಸ್ಟನ್ ಏರುವುದನ್ನು ನಿಧಾನಿಸುವ ಭಾಗ) ಮುಚ್ಚಳ ಬಿಚ್ಚಿ, ಎಸ್‌ಎಇ 20 ಆಯಿಲನ್ನು ಟೊಳ್ಳು ಪಿಸ್ಟನ್ ರಾಡ್‌ನ ತುದಿಗಿಂತ 13 ಮಿ.ಮೀ. ಮೇಲೆ ಬರುವಷ್ಟು ಹಾಕಿ. ಆಯಿಲ್ ಇಲ್ಲದಿದ್ದರೆ ಪಿಸ್ಟನ್ ಒಮ್ಮೆಲೇ ಮೇಲೇರಿ ಗಾಳಿ ಹೆಚ್ಚಾಗುತ್ತದೆ, ಪೆಟ್ರೋಲ್ ಸಾಲದೆ ಎಂಜಿನ್ ತಡವರಿಸುತ್ತದೆ. ಗೇರ್ ಆಯಿಲ್ ಬೇಡ, ತುಂಬಾ ಮಂದ.

ಎಂಜಿನ್ ನಿಲ್ಲಿಸಿ ಪಿಸ್ಟನ್ ಎತ್ತಿ ಬಿಡಿ, ‘ಟಕ್’ ಎಂದು ಬೀಳಬೇಕು. ಬೀಳದಿದ್ದರೆ ಒಳಗೆ ಕೊಳೆಯಿದೆ, ಇಲ್ಲವೇ ಜೆಟ್ (ಪೆಟ್ರೋಲ್ ಬರುವ ನಳಿಕೆ) ಮಧ್ಯಕ್ಕೆ ಕೂತಿಲ್ಲ. ತೊಳೆಯುವಾಗ ಒಂದರ ಡ್ಯಾಶ್‌ಪಾಟ್ ಇನ್ನೊಂದಕ್ಕೆ ಹಾಕಲೇಬೇಡಿ. ಪ್ರತಿಯೊಂದೂ ತನ್ನ ಪಿಸ್ಟನ್‌ಗೇ ಹೊಂದಿಸಿದ್ದು.

ಇಷ್ಟಾದರೂ ಹೋಗದಿದ್ದರೆ ಮಿಕ್ಸ್‌ಚರ್ (ಗಾಳಿ-ಪೆಟ್ರೋಲ್ ಪ್ರಮಾಣ) ನೋಡಿ. ಅದಕ್ಕೂ ಮುಂಚೆ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಅಂತರ) 0.015 ಇಂಚು ಇರಲಿ. ಎಂಜಿನ್ ಬಿಸಿಯಾದ ಮೇಲೆ ಪಿಸ್ಟನ್ನನ್ನು ಸುಮಾರು 0.8 ಮಿ.ಮೀ. ಎತ್ತಿ: ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ಎಂಜಿನ್ ನಿಲ್ಲುವಂತಾದರೆ ಕಮ್ಮಿ. ಕಮ್ಮಿಯಿದ್ದರೆ ಜೆಟ್ ನಟ್ಟನ್ನು ಒಂದೊಂದೇ ಮುಖದಷ್ಟು ಕೆಳಕ್ಕೆ ತಿರುಗಿಸಿ, ಪ್ರತಿ ಸಲವೂ ಮತ್ತೆ ಪರೀಕ್ಷಿಸಿ.