ಎರಡು ಪುಡಿ ಬೆರೆಸಿದರೆ ಪೇಟೆಂಟ್ ಸಿಗುತ್ತದಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಪ್ಲಾಸ್ಟಿಕ್ ಘಟಕ. ಸ್ವಿಚ್ ಬಾಕ್ಸ್‌ಗಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ಗೆ ಅಮೋನಿಯಂ ಪಾಲಿಫಾಸ್ಫೇಟ್, ಜೊತೆಗೆ ಸ್ವಲ್ಪ ಜಿಂಕ್ ಬೋರೇಟ್ ಸೇರಿಸಿ ಬೇಗ ಬೆಂಕಿ ಹತ್ತದ ಮಿಶ್ರಣ ಮಾಡಿದ್ದೇವೆ. ಪೇಟೆಂಟ್ ಪರೀಕ್ಷಕರು ಎರಡು ಹಳೇ ಪೇಟೆಂಟ್ ತೋರಿಸಿ, ಇದು ಯಾವ ತಂತ್ರಜ್ಞರಿಗಾದರೂ ಹೊಳೆಯುವಂಥದ್ದೇ ಎಂದಿದ್ದಾರೆ. ಒಂದು ಪಾಲಿಫಾಸ್ಫೇಟ್ ಹಾಕಿದ ಪಾಲಿಪ್ರೊಪಿಲೀನ್ ಬಗ್ಗೆ, ಇನ್ನೊಂದು ಜಿಂಕ್ ಬೋರೇಟ್ ಹಾಕಿದ ಪಿವಿಸಿ ಬಗ್ಗೆ. ಏನು ಉತ್ತರ ಕೊಡಲಿ?
ಒಬ್ಬ ಓದುಗರು, ಬೆಂಗಳೂರು

ಉತ್ತರ: ಆ ಎರಡನೇ ಪೇಟೆಂಟನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಅದು ಪಿವಿಸಿ ಅಲ್ವಾ? ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್ನೇ. ಉರಿಯುವಾಗ ಜಿಂಕ್ ಬೋರೇಟ್ ಆ ಕ್ಲೋರಿನ್ ಜೊತೆ ಸೇರಿ ಬೆಂಕಿ ತಡೆಯುವ ಇದ್ದಿಲಿನ ಪದರ ಕಟ್ಟಲು ನೆರವಾಗುತ್ತದೆ. ಪಾಲಿಪ್ರೊಪಿಲೀನ್‌ನಲ್ಲಿ ಕ್ಲೋರಿನ್ ಇಲ್ಲವೇ ಇಲ್ಲ. ಅಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ ಎಂದು ಓದಿದವರು ಯಾಕೆ ನಂಬಬೇಕು? ನಿಮ್ಮ ಉತ್ತರ ಇಲ್ಲಿಂದಲೇ ಶುರುವಾಗಲಿ.

ವಾದವೊಂದೇ ಸಾಲದು, ಅಂಕಿ ಬೇಕು. ಸುಮ್ನೆ ಬೆರೆಸಿ, ಎರಡರ ಗುಣ ಒಟ್ಟುಗೂಡಿದ್ದು ಬಿಟ್ಟರೆ ಬೇರೇನೂ ಆಗದಿದ್ದರೆ, ಪೇಟೆಂಟ್ ಕಾಯ್ದೆಯ ಕಲಂ 3(ಇ) ಅಂಥದ್ದಕ್ಕೆ ಪೇಟೆಂಟ್ ಕೊಡುವುದಿಲ್ಲ. ಆದ್ದರಿಂದ ಪಾಲಿಫಾಸ್ಫೇಟ್ ಮಾತ್ರ ಇರುವ ಪ್ಲಾಸ್ಟಿಕ್ ಪಟ್ಟಿ, ಬೋರೇಟ್ ಮಾತ್ರ ಇರುವ ಪಟ್ಟಿ, ಎರಡೂ ಇರುವ ಪಟ್ಟಿ, ಮೂರನ್ನೂ ಮಾಡಿಸಿ. ಒಟ್ಟು ಪುಡಿಯ ಪ್ರಮಾಣ ಮೂರರಲ್ಲೂ ಒಂದೇ ಇರಲಿ. ಪ್ಲಾಸ್ಟಿಕ್ ಎಷ್ಟು ಬೇಗ ಆರುತ್ತದೆ ಎಂದು ನೋಡುವ ಯುಎಲ್ 94 ಪರೀಕ್ಷೆಯಲ್ಲಿ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, 10 ಸೆಕೆಂಡಿನಂತೆ ಎರಡು ಸಲ ಜ್ವಾಲೆ ಹಿಡಿಯುತ್ತಾರೆ. ವಿ-0 ದರ್ಜೆ ಸಿಗಲು ಪ್ರತಿ ಸಲ 10 ಸೆಕೆಂಡಿನೊಳಗೆ ಆರಬೇಕು. ಉರಿಯುವ ಹನಿ ಬಿದ್ದು ಕೆಳಗಿನ ಹತ್ತಿ ಹೊತ್ತಿಕೊಳ್ಳಬಾರದು. ಬಿಡಿಯಾಗಿ ಸೋತವು ಜೋಡಿಯಾಗಿ ಗೆದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕೇಬಲ್ ಕಂಪನಿಯೊಂದರ ಲ್ಯಾಬಿನಲ್ಲಿದ್ದಾಗ ನಾನು ಆ ಬಿಡಿ ಪಟ್ಟಿಗಳನ್ನು ಸುಡಲೇ ಇಲ್ಲ. ಎರಡೂ ಸೇರಿದ್ದು ತಟ್ಟನೆ ಆರಿತು, ಅದೇ ಖುಷಿಯಲ್ಲಿ ಅರ್ಜಿ ಹಾಕಿದೆವು. ಹೋಲಿಸಿ ತೋರಿಸಲು ಏನೂ ಇರಲಿಲ್ಲ. ಅರ್ಜಿ ಬಿದ್ದುಹೋಯಿತು. ಎರಡು ವರ್ಷದ ದುಡಿಮೆ ಅದು, ಇವತ್ತಿಗೂ ನೋವಾಗುತ್ತದೆ.

ನಿಮ್ಮ ಈ ಜೋಡಿಯ ಬಗ್ಗೆ ಪಾಲಿಪ್ರೊಪಿಲೀನ್‌ನಲ್ಲೇ ಸಂಶೋಧನಾ ಲೇಖನಗಳು ಬಂದಿವೆ. ಪರೀಕ್ಷಕರು ನಾಳೆ ಅವನ್ನೂ ಮುಂದಿಡಬಹುದು. ಹಾಗಾಗಿ ಇಡೀ ಜೋಡಿ ನಮ್ಮದು ಎನ್ನಬೇಡಿ. ಎರಡು ಪುಡಿಗಳನ್ನು ಯಾವ ಅಳತೆಯಲ್ಲಿ ಬೆರೆಸಿದರೆ ಫಲಿತಾಂಶ ಒಮ್ಮೆಲೇ ಜಿಗಿಯುತ್ತದೋ ಅಷ್ಟನ್ನೇ ಕೇಳಿ. ಆ ಅಳತೆ ನಿಮ್ಮ ಮೂಲ ಅರ್ಜಿಯಲ್ಲಿ ಇರಬೇಕು, ಈಗ ಹೊಸದಾಗಿ ಸೇರಿಸಲು ಬರುವುದಿಲ್ಲ. ಪರೀಕ್ಷಕರ ಆಕ್ಷೇಪಣೆಯ ವರದಿ ಹೊರಟ ದಿನದಿಂದ 6 ತಿಂಗಳೊಳಗೆ ಉತ್ತರ ಹೋಗಬೇಕು. ಪಟ್ಟಿಗಳನ್ನು ಈ ವಾರವೇ ಅಚ್ಚು ಹಾಕಿಸಿ.